ದನಿ ಅವರದು, ತೀರ್ಮಾನ ಯಾರದು? ಎಐ ಷರತ್ತಿಗೆ ಡಬ್ಬಿಂಗ್ ಕಲಾವಿದರ ತಕರಾರು

ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಎಐ ಮೂಲಕ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ತಡೆ ನೀಡಿತು. ಮರುವರ್ಷ ಆಶಾ ಭೋಸ್ಲೆ ಅವರಿಗೂ ಅದೇ ನ್ಯಾಯಾಲಯದಿಂದ ಅಂಥದೇ ರಕ್ಷಣೆ ಸಿಕ್ಕಿತು. ದನಿಯ ಮೇಲೆ ಅದರ ಒಡೆಯರಿಗೇ ಹಕ್ಕು ಎಂಬುದು ಇನ್ನೇನು ಇತ್ಯರ್ಥವಾಯಿತು ಅನ್ನುವಷ್ಟರಲ್ಲಿ, ಕೇಂದ್ರ ಸರ್ಕಾರದ ಕೈಗಾರಿಕಾ ಉತ್ತೇಜನ ಇಲಾಖೆಯಾದ ಡಿಪಿಐಐಟಿ 2025ರ ಡಿಸೆಂಬರ್ 8ರಂದು ಕಾರ್ಯಪತ್ರವೊಂದನ್ನು ಹೊರತಂದಿತು. ಕಾನೂನುಬದ್ಧವಾಗಿ ಕೈಗೆ ಸಿಗುವ ಯಾವುದೇ ಕೃತಿಯನ್ನು ಎಐ ಕಂಪನಿಗಳು ತರಬೇತಿಗೆ ಬಳಸಬಹುದು, ಹಕ್ಕುದಾರರು ಬೇಡ ಎನ್ನುವಂತಿಲ್ಲ, ಬದಲಿಗೆ ಅವರಿಗೆ ರಾಯಲ್ಟಿ ಸಿಗುತ್ತದೆ ಎಂಬುದು ಅದರ ಸಾರ.

ಒಂದು ಕಡೆ ರಕ್ಷಣೆ, ಇನ್ನೊಂದು ಕಡೆ ಹಣದ ಭರವಸೆ. ಆದರೂ ಡಬ್ಬಿಂಗ್ ಕಲಾವಿದರು ಎಐ ಷರತ್ತುಳ್ಳ ಒಪ್ಪಂದಗಳಿಗೆ ಸಹಿ ಹಾಕಲು ಒಪ್ಪುತ್ತಿಲ್ಲ. ಎರಡು ಬಗೆಯ ಅನುಕೂಲ ಒದಗುತ್ತಿರುವಾಗ ತಕರಾರು ಯಾಕೆ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುವುದು ಸಹಜ. ರಕ್ಷಣೆ ಯಾರಿಗೆ ಸಿಕ್ಕಿದೆ, ಹಣ ಯಾರ ಕೈ ಸೇರುತ್ತದೆ ಎಂದು ಬಿಡಿಸಿ ನೋಡಿದರೆ ಅವರ ತಕರಾರು ಎಷ್ಟು ನ್ಯಾಯವಾದದ್ದು ಎಂದು ಗೊತ್ತಾಗುತ್ತದೆ.

ಒಪ್ಪಂದಕ್ಕೆ ಸೇರಿದ ಹೊಸ ಸಾಲು

ಡಬ್ಬಿಂಗ್ ಕೆಲಸದ ಲೆಕ್ಕಾಚಾರ ಇಲ್ಲಿಯವರೆಗೆ ಸರಳವಾಗಿತ್ತು. ಕಲಾವಿದೆ ಸ್ಟುಡಿಯೊಗೆ ಬರುತ್ತಾಳೆ, ಪರದೆಯ ಮೇಲೆ ದೃಶ್ಯ ನೋಡುತ್ತ ಪಾತ್ರದ ತುಟಿ ಚಲನೆಗೆ ಮಾತು ಕೂಡಿಸುತ್ತಾಳೆ, ಸಂಭಾವನೆ ಪಡೆದು ಹೋಗುತ್ತಾಳೆ. ಆ ಮುದ್ರಣ ಆ ಚಿತ್ರಕ್ಕೆ ಮಾತ್ರ ಉಪಯೋಗ. ಮುಂದಿನ ಚಿತ್ರಕ್ಕೆ ಅದೇ ದನಿ ಬೇಕೆಂದರೆ ಮತ್ತೆ ಕರೆಯಲೇಬೇಕು. ಆ ಮರುಕರೆಯೇ ಅವಳ ಜೀವನೋಪಾಯ.

ಈ ಸರಪಳಿಯನ್ನು ಮುರಿದದ್ದು ದನಿಯನ್ನು ಕಲಿತು ನಕಲು ಮಾಡುವ ಎಐ ವ್ಯವಸ್ಥೆಗಳು. ಮೂರು ಸೆಕೆಂಡಿನ ತುಣುಕಿನಿಂದ ಒಬ್ಬರ ದನಿಯನ್ನು ಅನುಕರಿಸಬಲ್ಲ ವ್ಯವಸ್ಥೆಯ ಬಗ್ಗೆ ಮೈಕ್ರೋಸಾಫ್ಟ್ ಸಂಶೋಧಕರು 2023ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. 15 ಸೆಕೆಂಡಿನ ತುಣುಕು ಸಾಕು ಎನ್ನುವ ತನ್ನ ಉಪಕರಣವನ್ನು ಓಪನ್‌ಎಐ 2024ರ ಮಾರ್ಚ್‌ನಲ್ಲಿ ತೋರಿಸಿತು. ಹಿನ್ನೆಲೆ ಸದ್ದಿಲ್ಲದೆ, ಸಿಟ್ಟು, ಅಳು, ನಗು, ಪಿಸುಮಾತು ಎಲ್ಲವೂ ಬೇರೆಬೇರೆಯಾಗಿ ಮುದ್ರಿತವಾಗಿರುವ ಡಬ್ಬಿಂಗ್ ಟ್ರ್ಯಾಕ್‌ಗಿಂತ ಉತ್ತಮ ಕಚ್ಚಾವಸ್ತು ಇಂಥ ಯಂತ್ರಕ್ಕೆ ಬೇರೆಲ್ಲಿ ಸಿಕ್ಕೀತು? ಹಾಗಾಗಿ ಒಪ್ಪಂದಗಳಲ್ಲಿ ಹೊಸ ಸಾಲು ಕಾಣಿಸಿಕೊಂಡಿದೆ: ಈ ಮುದ್ರಣವನ್ನು ಯಾವುದೇ ತಂತ್ರಜ್ಞಾನದಲ್ಲಿ, ಯಾವುದೇ ಉದ್ದೇಶಕ್ಕೆ, ಎಂದೆಂದಿಗೂ ಬಳಸುವ ಹಕ್ಕು ಸಂಸ್ಥೆಯದು. ಮುಂಬೈನ ಅಸೋಸಿಯೇಷನ್ ಆಫ್ ವಾಯ್ಸ್ ಆರ್ಟಿಸ್ಟ್ಸ್ ಆಫ್ ಇಂಡಿಯಾ ಇಂಥ ಸಾಲುಗಳ ಬಗ್ಗೆ ತನ್ನ ಸದಸ್ಯರನ್ನು ಎಚ್ಚರಿಸುತ್ತ ಬಂದಿದೆ.

ಬೆಳೆದ ಭತ್ತ ಮಾರುವುದು ಬೇರೆ, ಬಿತ್ತನೆಬೀಜವನ್ನೇ ಕೊಟ್ಟುಬಿಡುವುದು ಬೇರೆ. ಭತ್ತದ ಬೆಲೆಗೆ ಬೀಜವನ್ನು ಕೇಳಲಾಗುತ್ತಿದೆ ಎಂಬುದು ಕಲಾವಿದರ ದೂರು. ಸಹಿ ಹಾಕದಿದ್ದರೆ ಆ ದಿನದ ಕೆಲಸ ಮತ್ತೊಬ್ಬರಿಗೆ ಹೋಗುತ್ತದೆ. ಬಾಡಿಗೆ ಕಟ್ಟಬೇಕಾದವರು ಇಂಥ ಇಕ್ಕಟ್ಟಿನಲ್ಲಿ ಹಾಕುವ ಸಹಿಯನ್ನು ಒಪ್ಪಿಗೆ ಎಂದು ಕರೆಯುವುದು ಅನ್ಯಾಯ.

ತಾರೆಯರ ದನಿಗೆ ಕಾವಲು, ಉಳಿದವರಿಗೆ?

ಅರಿಜಿತ್ ಸಿಂಗ್ ಪ್ರಕರಣ ನಿಂತಿದ್ದು ವ್ಯಕ್ತಿತ್ವದ ಹಕ್ಕು ಎಂಬ ತತ್ವದ ಮೇಲೆ. ಇದಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಖಾಸಗಿತನದ ಹಕ್ಕು, ಹೆಸರಿನ ದುರುಪಯೋಗ ತಡೆಯುವ ನಿಯಮಗಳು ಮೊದಲಾದವನ್ನು ಕೂಡಿಸಿ ನ್ಯಾಯಾಲಯಗಳು ಬೆಳೆಸಿಕೊಂಡು ಬಂದದ್ದು. ಜನ ಗುರುತಿಸುವ, ಮಾರುಕಟ್ಟೆಯಲ್ಲಿ ಬೆಲೆಯುಳ್ಳ ವ್ಯಕ್ತಿತ್ವ ಅರ್ಜಿದಾರರಿಗೆ ಇದೆಯೇ ಎಂಬುದನ್ನು ನ್ಯಾಯಾಲಯ ಮೊದಲು ನೋಡುತ್ತದೆ. ಹೆಸರಾಂತರಿಗೆ ಈ ಮೆಟ್ಟಿಲು ಸುಲಭ. ಡಬ್ಬಿಂಗ್ ಕಲಾವಿದರ ಪಾಡು ಇದಕ್ಕೆ ತದ್ವಿರುದ್ಧ. ಅವರ ದನಿ ಮನೆಮನೆಗೆ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯ ವಿಚಾರದಲ್ಲಿ ಆದದ್ದನ್ನು ನೆನೆಯಬೇಕು. ಅವರು 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಕನ್ನಡಿಗರಿಗೆ ಅವರ ದನಿ ಮನೆಯವರ ದನಿ. ತೆಲುಗು ಚಿತ್ರವೊಂದರಲ್ಲಿ ಆ ದನಿಯನ್ನು ಎಐ ಮೂಲಕ ಮರುಸೃಷ್ಟಿಸಲಾಗಿದೆ ಎಂದು ಅವರ ಮಗ ಚರಣ್ 2024ರಲ್ಲಿ ಚಿತ್ರತಂಡಕ್ಕೆ ನೋಟಿಸ್ ಕಳಿಸಿದರು. ಕುಟುಂಬವನ್ನು ಕೇಳಿರಲಿಲ್ಲ ಎಂಬುದು ಆಕ್ಷೇಪ. ಅದೇ ಸುಮಾರಿಗೆ ಎ.ಆರ್. ರೆಹಮಾನ್ ಅವರು ತಮಿಳು ಹಾಡೊಂದಕ್ಕೆ ದಿವಂಗತರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಎಐ ಮೂಲಕ ತಂದರು. ಕುಟುಂಬಗಳ ಅನುಮತಿ ಪಡೆದು, ಸಂಭಾವನೆ ಕೊಟ್ಟೇ ಹೀಗೆ ಮಾಡಿದ್ದಾಗಿ ತಿಳಿಸಿದರು. ಸತ್ತವರ ದನಿ ಮರಳಿಸುವುದು ಸರಿಯೇ ಎಂಬುದು ಬೇರೆಯೇ ಚರ್ಚೆ. ಆದರೆ ತಂತ್ರಜ್ಞಾನ ಒಂದೇ ಬಗೆಯದಾಗಿದ್ದರೂ ಒಂದು ಕಡೆ ನೋಟಿಸ್ ಹೋಯಿತು, ಇನ್ನೊಂದು ಕಡೆ ಹೋಗಲಿಲ್ಲ. ನಡುವಿನ ವ್ಯತ್ಯಾಸ ಇಷ್ಟೇ: ಕೇಳಿದರೋ ಇಲ್ಲವೋ.

ಹೆಸರಿಲ್ಲದ ಕಲಾವಿದರಿಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ದಾವೆ ಕನ್ನಡಿ. ಆನ್‌ಲೈನಿನಲ್ಲಿ ಸಿಕ್ಕ ಸಣ್ಣ ಕೆಲಸವೆಂದು ಇಬ್ಬರು ವೃತ್ತಿಪರರು ದನಿ ಮುದ್ರಿಸಿಕೊಟ್ಟರು. ಸಂಶೋಧನೆಗೆ ಎಂದು ಒಬ್ಬರಿಗೆ, ಪರೀಕ್ಷಾರ್ಥ ಜಾಹೀರಾತಿಗೆ ಎಂದು ಇನ್ನೊಬ್ಬರಿಗೆ ಹೇಳಲಾಗಿತ್ತು ಎಂಬುದು ಅವರ ವಾದ. ಒಬ್ಬರು ಪಾಡ್‌ಕಾಸ್ಟ್ ಕೇಳುತ್ತಿದ್ದಾಗ ಯಂತ್ರವೊಂದು ತಮ್ಮದೇ ದನಿಯಲ್ಲಿ ಉತ್ತರಿಸುವುದು ಕಿವಿಗೆ ಬಿತ್ತು. ಇಬ್ಬರೂ 2024ರಲ್ಲಿ ಲೋವೊ ಎಂಬ ಕಂಪನಿಯ ವಿರುದ್ಧ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿದರು. 2025ರ ಜುಲೈನಲ್ಲಿ ನ್ಯಾಯಾಲಯ ಟ್ರೇಡ್‌ಮಾರ್ಕ್ ವಾದವನ್ನೂ ಹಕ್ಕುಸ್ವಾಮ್ಯದ ಬಹುಪಾಲು ವಾದಗಳನ್ನೂ ತಳ್ಳಿಹಾಕಿತು. ದಾವೆ ಜೀವ ಉಳಿಸಿಕೊಂಡದ್ದು ಮುಖ್ಯವಾಗಿ ನ್ಯೂಯಾರ್ಕ್ ರಾಜ್ಯದ ಕಾಯ್ದೆಗಳ ಬಲದಿಂದ. ಹಕ್ಕುಸ್ವಾಮ್ಯ ಕಾಯುವುದು ಮುದ್ರಣವನ್ನು. ಗಂಟಲಿನ ಗುಣ ಅದರ ವ್ಯಾಪ್ತಿಗೆ ಬರುವುದಿಲ್ಲ.

1957ರ ಕಾಯ್ದೆ ಕೊಡುವುದೇನು, ಕೊಡದಿರುವುದೇನು

ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಪರವಾದ ಅಂಶಗಳು ಬಹಳಷ್ಟು ಜನ ತಿಳಿದುಕೊಂಡಿರುವುದಕ್ಕಿಂತ ಹೆಚ್ಚಿವೆ. ಅವುಗಳಲ್ಲಿ ಹೆಚ್ಚಿನವು 2012ರ ತಿದ್ದುಪಡಿಯಲ್ಲಿ ಬಂದವು. 38ನೇ ಕಲಂ ಪ್ರದರ್ಶಕರಿಗೆ ಪ್ರತ್ಯೇಕ ಹಕ್ಕು ಕೊಡುತ್ತದೆ, ಅದರ ಅವಧಿ 50 ವರ್ಷ. 38ಎ ಕಲಂ ಪ್ರಕಾರ, ತನ್ನ ಪ್ರದರ್ಶನವನ್ನು ಚಿತ್ರಕ್ಕೆ ಸೇರಿಸಲು ಲಿಖಿತ ಒಪ್ಪಿಗೆ ಕೊಟ್ಟ ಕಲಾವಿದರು, ಬೇರೆ ಒಪ್ಪಂದವಿಲ್ಲದಿದ್ದರೆ, ಅದೇ ಚಿತ್ರದಲ್ಲಿ ನಿರ್ಮಾಪಕರು ಆ ಹಕ್ಕನ್ನು ಬಳಸಿಕೊಳ್ಳುವುದಕ್ಕೆ ಆಕ್ಷೇಪಿಸುವಂತಿಲ್ಲ. 'ಅದೇ ಚಿತ್ರ' ಎಂಬ ಮಿತಿ ಇಲ್ಲಿ ಬಹಳ ದೊಡ್ಡದು. ಆ ಟ್ರ್ಯಾಕ್ ತೆಗೆದು ಯಂತ್ರಕ್ಕೆ ತರಬೇತಿ ಕೊಟ್ಟು ಮತ್ತೊಂದು ಚಿತ್ರದಲ್ಲಿ ಮಾತಾಡಿಸಿದರೆ ಅದು ಅದೇ ಚಿತ್ರದ ಬಳಕೆ ಆಗುವುದಿಲ್ಲ ಎಂದು ವಾದಿಸಲು ಗಟ್ಟಿ ನೆಲೆಯಿದೆ.

ಹಳೆಯ ಒಪ್ಪಂದಗಳಿಗೂ ಒಂದು ಕಾವಲಿದೆ. ಒಪ್ಪಂದದ ಹೊತ್ತಿಗೆ ಇರದಿದ್ದ ಅಥವಾ ವಾಣಿಜ್ಯ ಬಳಕೆಗೆ ಬಂದಿರದಿದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆಯದಿದ್ದರೆ, ಹಕ್ಕಿನ ವರ್ಗಾವಣೆ ಅನ್ವಯಿಸುವುದಿಲ್ಲ ಎನ್ನುತ್ತದೆ 18ನೇ ಕಲಂ. 39ಎ ಕಲಂ ಈ ನಿಯಮವನ್ನು ಪ್ರದರ್ಶಕರ ಹಕ್ಕಿಗೂ ವಿಸ್ತರಿಸುತ್ತದೆ. ಹತ್ತು ವರ್ಷದ ಹಿಂದೆ ಸಹಿ ಹಾಕಿದ ಕಾಗದ ತೋರಿಸಿ ಇಂದು ಎಐ ಹಕ್ಕು ಕೇಳುವುದು ಕಷ್ಟ. ಹೊಸ ಒಪ್ಪಂದಗಳಲ್ಲಿ ಎಐ ಎಂದು ಬಿಡಿಸಿ ಬರೆಯುವ ಅವಸರ ಯಾಕೆ ಬಂತು ಎಂಬುದಕ್ಕೆ ಇದೂ ಒಂದು ಕಾರಣ ಇರಬೇಕು. ಈಗ ಬೀಳುವ ಸಹಿ ಹಳೆಯ ಸಹಿಗಳಂತಲ್ಲ, ಕಾಯ್ದೆ ಕೊಟ್ಟ ಕಾವಲನ್ನು ಅದು ತೆಗೆದುಹಾಕುತ್ತದೆ.

ಇಷ್ಟಿದ್ದೂ ಒಂದು ದೊಡ್ಡ ಬಿರುಕಿದೆ. ಚಲನಚಿತ್ರದಲ್ಲಿ ಒಬ್ಬರ ಪ್ರದರ್ಶನ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಅವರ ಹೆಸರನ್ನು ಎಲ್ಲೂ ಉಲ್ಲೇಖಿಸದಿದ್ದರೆ ಅವರನ್ನು ಪ್ರದರ್ಶಕರೆಂದು ಪರಿಗಣಿಸುವುದಿಲ್ಲ ಎಂಬ ನಿಬಂಧನೆಯನ್ನು ಅದೇ 2012ರ ತಿದ್ದುಪಡಿ ಸೇರಿಸಿತು. ಪ್ರದರ್ಶನವನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕೊಂದು ಮಾತ್ರ ಅವರಿಗೆ ಉಳಿಯುತ್ತದೆ. ಸಣ್ಣ ಪಾತ್ರಗಳಿಗೆ, ಗುಂಪಿನ ಮಾತಿಗೆ ದನಿ ಕೊಡುವವರ ಹೆಸರು ಟೈಟಲ್ ಕಾರ್ಡಿನಲ್ಲಿ ಕಾಣುವುದು ಅಪರೂಪ. ಅಂದರೆ ಹೆಸರು ಹಾಕದ ರೂಢಿಯೇ ಹಕ್ಕು ಕಳೆಯುವ ದಾರಿಯಾಗಬಹುದು. ಕೊನೆಯಲ್ಲಿ ನಾಲ್ಕು ಸೆಕೆಂಡು ಹೆಸರು ತೋರಿಸಿ ಎಂದು ಕಲಾವಿದರು ಕೇಳುವುದರ ಹಿಂದೆ ಮೆಚ್ಚುಗೆಯ ಆಸೆಗಿಂತ ದೊಡ್ಡ ಕಾರಣವಿದೆ.

ರಾಯಲ್ಟಿ ಯಾರ ಕೈಗೆ?

ಡಿಪಿಐಐಟಿ ಪ್ರಸ್ತಾವದ ಪ್ರಕಾರ, ಎಐ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ರಾಯಲ್ಟಿಯಾಗಿ ಕೊಡಬೇಕು. ದರವನ್ನು ಸರ್ಕಾರ ನೇಮಿಸುವ ಸಮಿತಿ ನಿಗದಿ ಮಾಡುತ್ತದೆ. ಒಂದು ಕೇಂದ್ರ ಸಂಸ್ಥೆ ಸಂಗ್ರಹಿಸಿ, ಹಕ್ಕುದಾರರ ಸಂಘಗಳ ಮೂಲಕ ಹಂಚುತ್ತದೆ. ಬೇಡ ಎನ್ನುವ ಅವಕಾಶ ಯಾಕಿಲ್ಲ ಎಂಬುದಕ್ಕೆ ಕಾರ್ಯಪತ್ರ ಸಿದ್ಧಪಡಿಸಿದ ಸಮಿತಿಯ ಉತ್ತರ ಇದು: ಯಾರು ತಮ್ಮ ಕೃತಿ ಬಳಸಿದರು ಎಂದು ಪತ್ತೆಹಚ್ಚುವ ಶಕ್ತಿ ಸಣ್ಣ ಸೃಷ್ಟಿಕರ್ತರಿಗೆ ಇಲ್ಲ, ಕಾಗದದ ಮೇಲಿನ ನಿರಾಕರಣೆಗಿಂತ ಕೈಗೆ ಬರುವ ಹಣ ಮೇಲು. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಸಾಫ್ಟ್‌ವೇರ್ ಉದ್ಯಮದ ಒಕ್ಕೂಟ ನಾಸ್ಕಾಮ್ ಎದುರು ದಿಕ್ಕಿನಿಂದ ಭಿನ್ನಾಭಿಪ್ರಾಯ ದಾಖಲಿಸಿದೆ. ಅದರ ಪ್ರಕಾರ ತರಬೇತಿಗೆ ವಿನಾಯಿತಿ ಇರಬೇಕು, ಬೇಡದವರು ಹೊರಗುಳಿಯಲಿ. ಕಡ್ಡಾಯ ರಾಯಲ್ಟಿ ಹೊಸ ಉದ್ಯಮಗಳಿಗೆ ಹೊರೆಯಾಗುತ್ತದೆ ಎಂಬ ಆತಂಕ ಆ ಪಾಳಯದ್ದು.

ಡಬ್ಬಿಂಗ್ ಕಲಾವಿದರು ಈ ಎರಡೂ ಬಣಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಚಿತ್ರದ ಹಕ್ಕುಸ್ವಾಮ್ಯ ಇರುವುದು ನಿರ್ಮಾಪಕರ ಬಳಿ, ಹಾಗಾಗಿ ರಾಯಲ್ಟಿ ಮೊದಲು ಹರಿಯುವುದು ಅತ್ತ. ಗೀತರಚನೆಕಾರರಿಗೆ, ಸಂಗೀತ ಸಂಯೋಜಕರಿಗೆ ರಾಯಲ್ಟಿ ಸಂಗ್ರಹಿಸಿಕೊಡುವ ಐಪಿಆರ್‌ಎಸ್ ಸಂಘ ಇದೆ. ಗಾಯಕರಿಗೆ ಅಂಥದೇ ಇಸಮ್ರಾ (ಹಿಂದಿನ ಇಸ್ರಾ) ಇದೆ. ಪರದೆಯ ಹಿಂದೆ ಮಾತಾಡುವವರ ಪರವಾಗಿ ಹಣ ಸಂಗ್ರಹಿಸುವ ಆ ಮಟ್ಟದ ಸಂಘ ಬೆಳೆದಿಲ್ಲ. ಹಂಚಿಕೆಯ ಸಾಲಿನಲ್ಲಿ ನಿಲ್ಲಲು ಜಾಗವೇ ಇಲ್ಲದವರಿಗೆ ರಾಯಲ್ಟಿಯ ಭರವಸೆ ಎಷ್ಟು ಪ್ರಯೋಜನ? ಇನ್ನೊಂದು ಮಾತೂ ಇದೆ. ಕೃತಿ ಬಳಸಿದ್ದಕ್ಕೆ ಒಮ್ಮೆ ಸಿಗುವ ಪಾಲು, ಅದೇ ಕೃತಿಯಿಂದ ಕಲಿತ ಯಂತ್ರ ಮುಂದಿನ ಕೆಲಸಗಳನ್ನೆಲ್ಲ ಕಸಿದಾಗ ಆಗುವ ನಷ್ಟವನ್ನು ತುಂಬಿಕೊಡಲಾರದು.

ಹಾಲಿವುಡ್ ಮುಷ್ಕರ ತಂದದ್ದು

ಅಮೆರಿಕದ ಚಿತ್ರಕಥಾ ಲೇಖಕರು 2023ರಲ್ಲಿ 148 ದಿನ, ನಟನಟಿಯರು 118 ದಿನ ಮುಷ್ಕರ ಮಾಡಿದರು. ಎಐ ನಿಷೇಧಕ್ಕಾಗಿ ಹೋರಾಡಿದರು ಎಂಬ ಚಿತ್ರಣ ನಮ್ಮಲ್ಲಿ ಹರಡಿದೆ. ಒಪ್ಪಂದ ಓದಿದರೆ ಬೇರೆಯೇ ಕಾಣುತ್ತದೆ. ಬರೆಯುವ ಕೆಲಸಕ್ಕೆ ಎಐ ಬಳಸಲೇಬೇಕು ಎಂದು ಸ್ಟುಡಿಯೊ ಲೇಖಕರನ್ನು ಒತ್ತಾಯಿಸುವಂತಿಲ್ಲ. ಸ್ಟುಡಿಯೊ ಒಪ್ಪಿದರೆ ಲೇಖಕರು ತಾವಾಗಿ ಬಳಸಬಹುದು. ಕೈಗೆ ಕೊಟ್ಟ ಬರಹ ಎಐ ಬರೆದದ್ದಾದರೆ ಅದನ್ನು ಮುಂಚೆಯೇ ತಿಳಿಸಬೇಕು. ನಟರ ಒಪ್ಪಂದದಲ್ಲಿ ಡಿಜಿಟಲ್ ಪ್ರತಿರೂಪಕ್ಕೆ ಮುಂಚಿತ ಒಪ್ಪಿಗೆ ಬೇಕು, ಬಳಕೆ ಏನೆಂದು ಸ್ಪಷ್ಟವಾಗಿ ವಿವರಿಸಬೇಕು, ಹಣ ಕೊಡಬೇಕು.

ವಿಡಿಯೊ ಗೇಮ್‌ಗಳಿಗೆ ದನಿ ಮತ್ತು ಚಲನೆ ಕೊಡುವ ಕಲಾವಿದರು 2024ರ ಜುಲೈನಲ್ಲಿ ಬೇರೆಯಾಗಿ ಮುಷ್ಕರ ಹೂಡಿ, ಸುಮಾರು ಒಂದು ವರ್ಷದ ಬಳಿಕ ಒಪ್ಪಂದಕ್ಕೆ ಬಂದರು. ಅದರಲ್ಲೊಂದು ಅಂಶ ಗಮನಾರ್ಹ: ಮುಷ್ಕರದ ಕಾಲದಲ್ಲಿ ತಮ್ಮ ಪ್ರತಿರೂಪದಿಂದ ಹೊಸ ಮಾತು ಹುಟ್ಟಿಸುವುದಕ್ಕೆ ಕೊಟ್ಟ ಒಪ್ಪಿಗೆಯನ್ನು ಕಲಾವಿದರು ತಡೆಹಿಡಿಯಬಹುದು. ಇದಿಲ್ಲದಿದ್ದರೆ ಕಲಾವಿದ ಬೀದಿಯಲ್ಲಿ ಘೋಷಣೆ ಕೂಗುತ್ತಿರುವಾಗ ಅವನದೇ ದನಿ ಸ್ಟುಡಿಯೊ ಒಳಗೆ ದುಡಿಯುತ್ತಿರುತ್ತಿತ್ತು. ದುಡಿಮೆ ನಿಲ್ಲಿಸುವ ಶಕ್ತಿ ಹೋದರೆ ಚೌಕಾಸಿಯ ಶಕ್ತಿ ಪೂರ್ತಿ ಹೋದಂತೆ.

ಕನ್ನಡದ ಹಳೆಯ ಜಗಳ, ಹೊಸ ಇಕ್ಕಟ್ಟು

ಹಾಗಾದರೆ ಇಲ್ಲಿನ ಕಲಾವಿದರೂ ಒಟ್ಟಾಗಿ ಎಐ ಡಬ್ಬಿಂಗ್ ಬಹಿಷ್ಕರಿಸಬಹುದಲ್ಲ? ಇದಕ್ಕೆ ಉತ್ತರ ಕನ್ನಡ ಚಿತ್ರರಂಗದ ಚರಿತ್ರೆಯಲ್ಲೇ ಇದೆ. 1960ರ ದಶಕದ ಚಳವಳಿಯ ನಂತರ ಕರ್ನಾಟಕದಲ್ಲಿ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ಮೇಲೆ ಕಾನೂನಿನ ಬೆಂಬಲವಿಲ್ಲದ ಒಂದು ನಿಷೇಧ ದಶಕಗಳ ಕಾಲ ನಡೆಯಿತು. ಇಲ್ಲಿನ ನಟರು, ತಂತ್ರಜ್ಞರ ಕೆಲಸ ಉಳಿಸುವುದು ಅದರ ಉದ್ದೇಶ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ನಿಷೇಧ ಸ್ಪರ್ಧೆಗೆ ವಿರುದ್ಧ ಎಂದು ತೀರ್ಮಾನಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಸಂಘಟನೆಗಳಿಗೆ ದಂಡ ವಿಧಿಸಿತು. ಬಂಗಾಳದಲ್ಲೂ ಇಂಥದೇ ಪ್ರಕರಣ. ಹಿಂದಿಯಿಂದ ಬಂಗಾಳಿಗೆ ಡಬ್ ಆದ ಮಹಾಭಾರತ ಧಾರಾವಾಹಿಯ ಪ್ರಸಾರಕ್ಕೆ ಅಲ್ಲಿನ ಕಲಾವಿದರ, ತಂತ್ರಜ್ಞರ ಸಮನ್ವಯ ಸಮಿತಿ ಒಡ್ಡಿದ ತಡೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪರ್ಧಾ ಕಾಯ್ದೆಯ ಅಡಿ ತಂದಿತು. ವ್ಯಾಪಾರಸ್ಥರ ಸಂಘವೂ ಸೇರಿಕೊಂಡಿದ್ದರಿಂದ ಅದನ್ನು ಬರಿಯ ಕಾರ್ಮಿಕ ಸಂಘದ ಚಟುವಟಿಕೆ ಎನ್ನಲಾಗದು ಎಂಬುದು ತೀರ್ಪಿನ ತಿರುಳು.

ಇದರ ಪರಿಣಾಮ ಇಂದಿನ ಕಲಾವಿದರ ಮೇಲೂ ಇದೆ. ಅವರಲ್ಲಿ ಹೆಚ್ಚಿನವರು ಸಂಬಳದ ನೌಕರರಲ್ಲ, ಕರೆದಾಗ ಹೋಗಿ ದುಡಿಯುವವರು. ಉದ್ಯಮದ ಸಂಘಟನೆಗಳ ಜತೆ ಸೇರಿ ಬಹಿಷ್ಕಾರ ಘೋಷಿಸಿದರೆ ಅದೇ ಕಾಯ್ದೆ ಎದುರಾಗಬಹುದು. ಹಾಲಿವುಡ್ ಕಲಾವಿದರಿಗೆ ಇರುವ ಮುಷ್ಕರದ ಬಲ ಇವರಿಗಿಲ್ಲ. ಒಬ್ಬೊಬ್ಬರೇ ನಿಂತರೆ ಕೆಲಸ ಹೋಗುತ್ತದೆ. ಹಾಗಾಗಿ ಶಾಸನವೇ ಕನಿಷ್ಠ ರಕ್ಷಣೆಯನ್ನು ನಿಗದಿ ಮಾಡಬೇಕು ಎಂಬ ಬೇಡಿಕೆ ಹುಟ್ಟಿದೆ.

ಇನ್ನೂ ಒಂದು ನೋವಿನ ಸಂಗತಿಯಿದೆ. ನಿಷೇಧ ಸಡಿಲಗೊಂಡ ಮೇಲೆ ಕನ್ನಡದಲ್ಲಿ ಡಬ್ಬಿಂಗ್ ಎಂಬ ಕಸುಬಿಗೆ ಹೊಸ ಜೀವ ಬಂತು. 2020ರಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡದ ಮಾತಿನಲ್ಲಿ ಕಿರುತೆರೆಗೆ ಬಂದಾಗ ಮನೆಮಂದಿಯೆಲ್ಲ ಕೂತು ನೋಡಿದರು. ತಮಿಳು, ತೆಲುಗಿನಲ್ಲಿ ತಲೆಮಾರುಗಳಿಂದ ಬೇರುಬಿಟ್ಟ ವೃತ್ತಿ ಕನ್ನಡದಲ್ಲಿ ಸುಮಾರು ಹತ್ತು ವರ್ಷದ ಎಳೆಯ ಗಿಡ. ಯಂತ್ರದ ಹೊಡೆತ ಬೀಳುತ್ತಿರುವುದು ಇದರ ಮೇಲೆ. ಮೆಟಾ ಕಂಪನಿ ರೀಲ್ಸ್‌ಗಳ ಸ್ವಯಂಚಾಲಿತ ಡಬ್ಬಿಂಗ್ ಪಟ್ಟಿಗೆ ಕನ್ನಡವನ್ನೂ ಸೇರಿಸುವುದಾಗಿ 2025ರಲ್ಲೇ ಪ್ರಕಟಿಸಿದೆ.

ನಿರ್ಮಾಪಕರ ವಾದಕ್ಕೂ ತೂಕವಿದೆ

ಎಐ ಬೇಕೆನ್ನುವವರೆಲ್ಲ ಲೋಭಿಗಳು ಎಂದುಕೊಂಡರೆ ಚರ್ಚೆ ದಾರಿ ತಪ್ಪುತ್ತದೆ. ಸಣ್ಣ ಕನ್ನಡ ಚಿತ್ರವೊಂದನ್ನು ಐದು ಭಾಷೆಗೆ ಒಯ್ಯುವ ಖರ್ಚು ಎಷ್ಟೋ ನಿರ್ಮಾಪಕರಿಗೆ ಎಟುಕುವುದಿಲ್ಲ. ಸುಮಾರು 10 ಲಕ್ಷ ರೂಪಾಯಿಯಲ್ಲಿ ಎಐ ಬಳಸಿ ತಯಾರಿಸಿದ್ದೆಂದು ಹೇಳಲಾದ ಕನ್ನಡ ಚಿತ್ರವೊಂದು 2025ರಲ್ಲಿ ಸೆನ್ಸಾರ್ ಪ್ರಮಾಣಪತ್ರ ಪಡೆದದ್ದು ಈ ಆಕರ್ಷಣೆಯ ಪುರಾವೆ. ಇಲ್ಲದಿದ್ದರೆ ಡಬ್ ಆಗುವುದೇ ಇಲ್ಲ ಎನ್ನುವಂಥ ಶೀರ್ಷಿಕೆಗಳಿಗೆ ಮಾತ್ರ ಎಐ ನೆರವು ಎಂದು ಅಮೆಜಾನ್ 2025ರ ಮಾರ್ಚ್‌ನಲ್ಲಿ 12 ಶೀರ್ಷಿಕೆಗಳೊಂದಿಗೆ ಪ್ರಯೋಗ ಶುರುಮಾಡಿತು. ಕನ್ನಡಕ್ಕೆ ಬಾರದ ಸಾಕ್ಷ್ಯಚಿತ್ರ, ವಿಜ್ಞಾನ ಕಾರ್ಯಕ್ರಮ, ಮಕ್ಕಳ ಚಿತ್ರಗಳ ರಾಶಿ ನೆನೆದರೆ ಈ ವಾದ ನಮ್ಮನ್ನು ನೇರವಾಗಿ ತಟ್ಟುತ್ತದೆ. ಆದರೆ ಅದೇ ವರ್ಷದ ಕೊನೆಗೆ ಜಪಾನಿನ ಅನಿಮೆ ಸರಣಿಗಳ ಮೇಲೆ ಎಐ ದನಿ ಕೂಡಿಸಿದಾಗ ನೋಡುಗರೇ ಸಿಡಿದೆದ್ದರು. ಅಮೆಜಾನ್ ಆ ದನಿಗಳನ್ನು ತೆಗೆಯಬೇಕಾಯಿತು.

ಒಪ್ಪಿಗೆ ಪಡೆದು ಮುನ್ನಡೆಯುವುದು ಅಸಾಧ್ಯವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆ ಕನ್ನಡವೂ ಸೇರಿ 9 ಭಾಷೆಗಳಿಗೆ, ಪ್ರತಿ ಭಾಷೆಗೆ ಒಂದು ಗಂಡು ಒಂದು ಹೆಣ್ಣು ದನಿಯಂತೆ, ಕಲಾವಿದರಿಂದಲೇ ಮುದ್ರಿಸಿಕೊಂಡು ದತ್ತಾಂಶ ಸಿದ್ಧಪಡಿಸಿತು. ಯಂತ್ರಕ್ಕೆ ಮಾತು ಕಲಿಸುವುದಕ್ಕೇ ಈ ಮುದ್ರಣ ಎಂದು ಮೊದಲೇ ಗೊತ್ತಿದ್ದ ಕೆಲಸ ಅದು. ಚಿತ್ರಕ್ಕೆಂದು ಪಡೆದ ದನಿಯನ್ನು ಕಣ್ತಪ್ಪಿಸಿ ಯಂತ್ರಕ್ಕೆ ಉಣಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಮೊದಲು ಕಳೆಯುವ ಕೆಲಸಗಳು

ನಾಯಕಿಯ ಪಾತ್ರದ ದನಿ ಕೊನೆಗೆ ಹೋಗಬಹುದು. ಮೊದಲು ಹೋಗುವುದು ಕಂಪನಿಗಳ ತರಬೇತಿ ವಿಡಿಯೊ, ಫೋನಿನಲ್ಲಿ ಕೇಳುವ ಸೂಚನೆ, ಜಿಲ್ಲಾಮಟ್ಟದ ಜಾಹೀರಾತು, ಗುಂಪಿನ ಗದ್ದಲ. ಇವು ಕಡಿಮೆ ಸಂಭಾವನೆಯ ಕೆಲಸಗಳು, ಆದರೆ ಹೊಸಬರು ಮೈಕಿನ ಮುಂದೆ ಉಸಿರು ಹಿಡಿಯುವುದನ್ನು ಕಲಿಯುವುದು ಇಲ್ಲಿಯೇ. ಈ ಮೆಟ್ಟಿಲು ಮುರಿದರೆ ಹದಿನೈದು ವರ್ಷದ ನಂತರ ದೊಡ್ಡ ಪಾತ್ರಕ್ಕೆ ಬೇಕಾದ ಪಳಗಿದ ಕಲಾವಿದರು ಇರುವುದಿಲ್ಲ. ಆಗ ನಿರ್ಮಾಪಕರು ಬಯಸಿದರೂ ಯಂತ್ರವನ್ನು ಬಿಟ್ಟು ಬೇರೆ ದಾರಿ ಇರದು.

ಭಾಷೆಗೆ ಆಗುವ ನಷ್ಟ ಇನ್ನೂ ಆಳದ್ದು. ಯಂತ್ರ ಕಲಿಯುವುದು ಸಿಕ್ಕ ದತ್ತಾಂಶದಿಂದ. ಕನ್ನಡದಲ್ಲಿ ಹೇರಳವಾಗಿ ಸಿಗುವುದು ವಾರ್ತೆಯ, ಪುಸ್ತಕದ ಕನ್ನಡ. ಧಾರವಾಡದ ಅಜ್ಜಿ, ಕುಂದಾಪುರದ ಮೀನುಗಾರ, ಕಲಬುರಗಿಯ ಆಟೊ ಚಾಲಕ ಎಲ್ಲರೂ ಒಂದೇ ಸಪಾಟು ದನಿಯಲ್ಲಿ ಮಾತಾಡುವ ಅಪಾಯವಿದೆ. ಪಾತ್ರದ ಊರು, ವಯಸ್ಸು, ಹಟ, ಸಂಕಟಗಳನ್ನು ನಾಲಿಗೆಯಲ್ಲಿ ಹಿಡಿಯುವ ಕಲಾವಿದರೇ ಡಬ್ ಆದ ಚಿತ್ರವನ್ನು ಕನ್ನಡದ್ದಾಗಿಸುವವರು.

ಮುಂದೆ ಗಮನಿಸಬೇಕಾದದ್ದು

ಡಿಪಿಐಐಟಿಯ ಕಾರ್ಯಪತ್ರ ಮೊದಲ ಭಾಗ ಮಾತ್ರ. ಎಐ ಹುಟ್ಟಿಸಿದ ಕೃತಿಗೆ ಹಕ್ಕುಸ್ವಾಮ್ಯ ಯಾರದು ಎಂಬ ಪ್ರಶ್ನೆ ಎರಡನೆಯ ಭಾಗಕ್ಕೆ ಉಳಿದಿದೆ. ತರಬೇತಿಗೆ ಬಳಸುವ ಕೃತಿಯ ಹಕ್ಕಿನ ಜತೆಗೆ ಪ್ರದರ್ಶಕರ ದನಿಯ ಹಕ್ಕನ್ನೂ ಹೆಸರಿಸಿ ಸೇರಿಸುತ್ತಾರೆಯೇ, ಚಿತ್ರಕ್ಕೆ ಕೊಡುವ ಒಪ್ಪಿಗೆ ಮತ್ತು ಯಂತ್ರಕ್ಕೆ ಕೊಡುವ ಒಪ್ಪಿಗೆ ಎರಡು ಪ್ರತ್ಯೇಕ ಕಾಗದಗಳಲ್ಲಿ ಇರಬೇಕು ಎನ್ನುತ್ತಾರೆಯೇ, ಎರಡನೆಯದನ್ನು ನಿರಾಕರಿಸಿದರೆ ಮೊದಲನೆಯದು ಕೈತಪ್ಪದಂತೆ ನೋಡಿಕೊಳ್ಳುತ್ತಾರೆಯೇ ಎಂಬುದರ ಮೇಲೆ ಕಲಾವಿದರ ಭವಿಷ್ಯ ನಿಂತಿದೆ. ಅನಾಮಧೇಯರನ್ನು ಪ್ರದರ್ಶಕರ ಸಾಲಿನಿಂದ ಹೊರಗಿಡುವ 2012ರ ನಿಬಂಧನೆಯನ್ನೂ ಇದೇ ಹೊತ್ತಿನಲ್ಲಿ ಸರಿಪಡಿಸಬೇಕು.

ರಾಜ್ಯದ ಕೈಯಲ್ಲೂ ಒಂದು ಸಾಧನವಿದೆ. 2024ರಲ್ಲಿ ಕರ್ನಾಟಕ ವಿಧಾನಮಂಡಲ ಅಂಗೀಕರಿಸಿದ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಶಾಸನ, ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಿ ಕಲಾವಿದರ ಸಾಮಾಜಿಕ ಭದ್ರತೆಗೆ ನಿಧಿ ಕಟ್ಟುತ್ತದೆ. ಆ ನೋಂದಣಿಯಲ್ಲಿ ಡಬ್ಬಿಂಗ್ ಕಲಾವಿದರ ಹೆಸರೂ ಸೇರಿದರೆ, ಯಾರ ಒಪ್ಪಿಗೆ ಕೇಳಬೇಕು ಎಂಬ ಪ್ರಶ್ನೆ ಬಂದಾಗ ತೋರಿಸಲು ಒಂದು ಅಧಿಕೃತ ಪಟ್ಟಿ ಇರುತ್ತದೆ. ಸದ್ಯಕ್ಕೆ ಅವರಲ್ಲಿ ಅನೇಕರ ಬಳಿ ತಮ್ಮ ಒಪ್ಪಂದದ ಪ್ರತಿಯೂ ಇಲ್ಲ. ಸಹಿ ಹಾಕಿದ ಕಾಗದದ ನಕಲನ್ನು ಕೇಳಿ ಪಡೆಯುವುದನ್ನು ಅವರು ಶಾಸನಕ್ಕೆ ಕಾಯದೆ ಇಂದೇ ಶುರುಮಾಡಬಹುದು.